ಸೌತೆಕಾಯಿ ಎತ್ತಿ ತೋರಿಸಿ

ನನ್ನ ಗಂಡನಿಗೆ ಎರಡು ಚಟ. ಒಂದು ಪರೋಟ, ಇನ್ನೊಂದು ಪ್ಲಗ್ಗಿಗೆ ಸಿಕ್ಕಿಸುವ ಯಾವುದೇ ಹೊಸ ಸಾಮಾನು. ಮೊದಲನೆಯದು ಅವರ ಹೊಟ್ಟೆಯಲ್ಲಿ ಕಾಣುತ್ತದೆ, ಎರಡನೆಯದು ದುಬೈಯ ಅಲ್ ಬರ್ಷಾದ ನಮ್ಮ ಫ್ಲ್ಯಾಟಿನ ಕಪಾಟಿನ ಮೇಲೆ. ಲೋಕದ ಚಾನೆಲ್ಲುಗಳೆಲ್ಲ ಬರುತ್ತವೆ ಎಂದು ತಂದು, ಒಂದು ವಾರ ಯಾವುದೋ ದೇಶದ ಕುಸ್ತಿ ಮಾತ್ರ ತೋರಿಸಿ ಕಣ್ಣು ಮುಚ್ಚಿದ ಡಬ್ಬಿ ಅಲ್ಲಿದೆ. ಸೋಫಾದ ಅಡಿಗೆ ಇಟ್ಟರೆ ಥಿಯೇಟರಿನಲ್ಲಿ ಕೂತ ಹಾಗೆ ಆಗುತ್ತದೆ ಎಂದ ಸ್ಪೀಕರಿದೆ. ಅದನ್ನು ಹಾಕಿದ ದಿನವೇ ಕೆಳಗಿನ ಮನೆಯವರು ಭೂಕಂಪವೇ ಎಂದು ಕೇಳಲು ವಾಚ್‌ಮನ್‌ನನ್ನು ಮೇಲೆ ಕಳಿಸಿದ್ದರು. ಅಡುಗೆಮನೆಗೆಂದು ಮಾತಾಡುವ ಸ್ಪೀಕರೂ ಬಂದಿತ್ತು. ಕುಕ್ಕರ್ ಸೀಟಿ ಹೊಡೆದಾಗಲೆಲ್ಲ ಅದು ಎಚ್ಚೆತ್ತು, ಏನು ಸಹಾಯ ಬೇಕು ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ತೆಂಗಿನಕಾಯಿ ತುರಿದುಕೊಡು ಎಂದು ಎಷ್ಟು ಸಲ ಹೇಳಿದರೂ ಕೊಡಲಿಲ್ಲ.

ಇಷ್ಟೂ ಬಂದದ್ದು ಇಲ್ಲಿಯ ಹಳೆಯ ಪೇಟೆ ನೈಫ್‌ನ ಒಂದೇ ಅಂಗಡಿಯಿಂದ. ಅಂಗಡಿಯವರು ನಮ್ಮ ಊರಿನ ಕಡೆಯ ಮುಸ್ಲಿಮರು, ಬ್ಯಾರಿಗಳು. ಇವರು ಒಳಗೆ ಕಾಲಿಟ್ಟರೆ ಸಾಕು, ಚಹಾ ತರಿಸಿ, ಊರಿನವರು ಅಂತ ನಿಮಗೆ ಮಾತ್ರ ಈ ರೇಟು ಎಂದು ತುಳುವಿನಲ್ಲಿ ಹೇಳುತ್ತಾರೆ. ತುಳುವಿನಲ್ಲಿ ಹೇಳಿದರೆ ನನ್ನ ಗಂಡ ಬರೀ ಕಲ್ಲನ್ನಾದರೂ ಕೊಂಡು ತರುತ್ತಾರೆ. ಚಾರ್ಜರ್ ಜೊತೆಗೆ ಉಂಟಾ ಎಂದು ಮಾತ್ರ ಕೇಳುತ್ತಾರೆ.

ಆ ಪ್ಲಗ್ಗು ಈ ಪರೋಟವನ್ನು ಹಿಡಿದುಕೊಟ್ಟ ಕತೆ ಇದು.

ಆಗ ಇವರ ಕೆಲಸ ಅಬುಧಾಬಿಯಲ್ಲಿ. ಮೀನು, ಹಣ್ಣು ತುಂಬಿಕೊಂಡು ಬರುವ ತಂಪು ಕಂಟೇನರ್‌ಗಳನ್ನು ರಿಪೇರಿ ಮಾಡುವ ಕಂಪನಿಯಲ್ಲಿ ಸೂಪರ್‌ವೈಸರ್. ನನ್ನ ಆಫೀಸು, ಮಗಳ ಶಾಲೆ ದುಬೈಯಲ್ಲಿ. ಮೊದಲ ವರ್ಷ ಇವರು ದಿನಾ ಕಾರು ಓಡಿಸಿಕೊಂಡು ಹೋಗಿ ಬಂದರು. ಬೆನ್ನು ಹಿಡಿಯಿತು, ಮುಖ ಬಾಡಿತು, ಎರಡು ಸಲ ಸಿಗ್ನಲ್ಲಿನಲ್ಲಿ ತೂಕಡಿಸಿದರು. ಆಮೇಲೆ ಅಲ್ಲೇ ಬಂದರಿನ ಕಡೆ, ಅಲ್ ಮೀನಾದ ಹತ್ತಿರ ಒಂದು ಫ್ಲ್ಯಾಟಿನಲ್ಲಿ ಇನ್ನಿಬ್ಬರ ಜೊತೆ ಉಳಿದುಕೊಂಡರು. ಶುಕ್ರವಾರ ಸಂಜೆ ಬರುವುದು, ಸೋಮವಾರ ಬೆಳಕು ಹರಿಯುವ ಮೊದಲು ಹೋಗುವುದು. ಇಲ್ಲಿ ಹೀಗೆ ನಡೆಯುವ ಸಂಸಾರಗಳು ಬೇಕಾದಷ್ಟಿವೆ, ಯಾರೂ ಅದನ್ನು ದೊಡ್ಡ ವಿಷಯ ಮಾಡುವುದಿಲ್ಲ. ನಾನೂ ಮಾಡಲಿಲ್ಲ. ಆದರೆ ಮಗಳು ಸಣ್ಣವಳಿದ್ದಾಗ ಯಾರಾದರೂ ನಿನ್ನ ಅಪ್ಪ ಎಲ್ಲಿದ್ದಾರೆ ಎಂದು ಕೇಳಿದರೆ "ಸ್ಯಾಟರ್ಡೇ" ಎನ್ನುತ್ತಿದ್ದಳು. ಕೇಳಿದವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಹೀಗೆ ವರ್ಷಗಳು ಕಳೆದವು. ಮಗಳು ಹದಿನಾಲ್ಕಕ್ಕೆ ಬಂದಳು. ಆಗ ಕಂಪನಿಯ ದುಬೈ ಬ್ರಾಂಚಿನ ಸೂಪರ್‌ವೈಸರ್ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೊರಟರು. ಮ್ಯಾನೇಜರು ಇವರನ್ನು ಕರೆದು, ಆ ಜಾಗ ನಿಮಗೇ ಇಟ್ಟಿದ್ದೇನೆ, ಆದರೆ ಈ ಸಲದ ಮೆಡಿಕಲ್ ಪಾಸಾಗಬೇಕು ಎಂದರು. ದುಬೈ ಯಾರ್ಡಿನಲ್ಲಿ ಒಂದರ ಮೇಲೊಂದು ಇಟ್ಟ ಕಂಟೇನರ್ ಹತ್ತಿ ಇಳಿಯುವ ಕೆಲಸ. ತಲೆ ತಿರುಗುವವರನ್ನು ಹತ್ತಿಸಲಿಕ್ಕಾಗುವುದಿಲ್ಲ. ಇವರ ಸಕ್ಕರೆ ಹೋದ ಸಲವೇ ಮೇಲೆ ಹತ್ತಿ ಕೂತಿತ್ತು. ಮೆಡಿಕಲ್‌ಗೆ ಮೂರು ತಿಂಗಳು ಇತ್ತು. ಡಾಕ್ಟರು ಫಿಟ್ ಎಂದು ಬರೆದರೆ ಗಂಡ ಮನೆಗೆ ಬರುತ್ತಾರೆ, ಬರೆಯದಿದ್ದರೆ ಆ ಜಾಗ ಬೇರೆಯವರಿಗೆ, ನಮಗೆ ಮತ್ತೆ ಶನಿವಾರ. ಇಷ್ಟೇ ಲೆಕ್ಕ.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಎಂದರೆ, ಫೋನಿಗೆ ಒಂದು ಡಯಟ್ ಆ್ಯಪ್ ಹಾಕಿಕೊಂಡೆ. ಬಿಡುವಿಲ್ಲದ ಬದುಕಿಗಾಗಿಯೇ ಮಾಡಿದ ಪ್ಲಾನ್ ಎಂದು ಅದರ ಮುಖಪುಟದಲ್ಲಿ ಒಬ್ಬಳು ತೆಳ್ಳಗಿನ ಹೆಂಗಸು ಕೈಯಲ್ಲಿ ಸೇಬು ಹಿಡಿದು ನಗುತ್ತಿದ್ದಳು. ಅವಳಿಗೆ ಬೇರೆ ಕೆಲಸವೇ ಇಲ್ಲ ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಬೇಕಂತೆ. ಇವರು ಸುಡುವ ಬಿಸಿಲಿನಲ್ಲಿ ಕಂಟೇನರುಗಳ ನಡುವೆ ನಿಂತು ಕಿಸೆಯಿಂದ ಬಾದಾಮಿ ತೆಗೆದು ಎಣಿಸುತ್ತಿದ್ದರಂತೆ. ಮೊಟ್ಟೆಯ ಬಿಳಿ ಮಾತ್ರ ತಿನ್ನಬೇಕಂತೆ. ಹಳದಿಯನ್ನು ಇವರು ಮೀನು ಮಾರುಕಟ್ಟೆಯ ಬೆಕ್ಕುಗಳಿಗೆ ಹಾಕಿ, ಅಲ್ ಮೀನಾದ ಬೆಕ್ಕುಗಳು ಮೊದಲೇ ದಪ್ಪ, ಇನ್ನೂ ದಪ್ಪವಾದವು. ಬೆಳಿಗ್ಗೆ ಪುರುಸೊತ್ತಿಲ್ಲದವರಿಗೆ ರಾತ್ರಿಯೇ ಬಾಟ್ಲಿಯಲ್ಲಿ ನೆನೆಹಾಕುವ ಓಟ್ಸ್ ಇತ್ತು. ಬೆಳಿಗ್ಗೆ ಮುಚ್ಚಳ ತೆಗೆದರೆ ಒಳಗೆ ಗೋಡೆಗೆ ಪೋಸ್ಟರ್ ಅಂಟಿಸುವ ಅಂಟು. ರಾತ್ರಿ ಊಟಕ್ಕೆ ಸೌತೆಕಾಯಿ, ಟೊಮೆಟೊ, ಕ್ಯಾರೆಟ್, ಯಾವುದೋ ಸೊಪ್ಪು, ಅದರ ಮೇಲೆ ಕಾಮಕಸ್ತೂರಿ ಬೀಜದ ಅಣ್ಣನಂಥ ಒಂದು ಬೀಜ. ಅನ್ನದ ಹೆಸರೇ ಇಲ್ಲ. ಕುಚ್ಚಲಕ್ಕಿ ಎಂಬ ಪದಾರ್ಥ ಭೂಮಿಯ ಮೇಲೆ ಬೆಳೆಯುತ್ತದೆ ಎಂದು ಆ ಹೆಂಗಸಿಗೆ ಯಾರೂ ಹೇಳಿರಲಿಲ್ಲ.

ಒಬ್ಬರೇ ಮಾಡುವುದು ಕಷ್ಟ, ನಾನೂ ಅದನ್ನೇ ತಿನ್ನುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟ ತಪ್ಪಿಗೆ ತಿಂದೆ ಕೂಡ. ಮಗಳಿಗೆ ಮೀನು ಹುರಿದು ಬಡಿಸಿ, ಅದರ ಪರಿಮಳದ ಜೊತೆಗೆ ನಾನು ಸೊಪ್ಪು ಅಗಿಯುತ್ತಿದ್ದೆ. ಆಫೀಸಿನಲ್ಲಿ ಮಧ್ಯಾಹ್ನ ಮೂರಕ್ಕೆ ನನ್ನ ಮಂಡೆ ಬಿಸಿಯಾಗಿ, ಯಾರು ಏನು ಕೇಳಿದರೂ ಹಾರಿಬೀಳುತ್ತಿದ್ದೆ. ಯಾರಿಗಾಗಿ ಇದೆಲ್ಲ ಎಂದು ನೆನಪು ಮಾಡಿಕೊಂಡು ಮತ್ತೆ ಸುಮ್ಮನಾಗುತ್ತಿದ್ದೆ.

ಇಷ್ಟು ಸಿಕ್ಕಿದ್ದೇ ಇವರಿಗೆ ನೈಫ್‌ಗೆ ಹೋಗಲು ನೆಪವಾಯಿತು. ಎದುರೆದುರು ಕೂತು ಉಂಡರೆ ಡಯಟ್ ನಿಲ್ಲುತ್ತದೆ ಎಂದು ಹೇಳಿ, ಪರದೆಯಿರುವ ಸ್ಪೀಕರನ್ನು ಜೋಡಿಯಾಗಿ ತಂದರು. ಇಲ್ಲಿ ಎಲ್ಲ ಆ್ಯಪ್‌ಗಳಲ್ಲೂ ವಿಡಿಯೋ ಕಾಲ್ ನಡೆಯುವುದಿಲ್ಲ, ನಡೆಯುವ ಒಂದನ್ನು ಅಂಗಡಿಯವರೇ ಹಾಕಿಕೊಟ್ಟಿದ್ದರು. ಒಂದು ನಮ್ಮ ಊಟದ ಮೇಜಿನ ಮೇಲೆ, ಇನ್ನೊಂದು ಅಬುಧಾಬಿಯಲ್ಲಿ ಅವರ ಮೇಜಿನ ಪಕ್ಕದ ಶೆಲ್ಫಿನ ಮೇಲೆ. ಅದರ ವಿಶೇಷ ಏನೆಂದರೆ, ಎದುರು ಯಾರು ಅಲ್ಲಾಡಿದರೂ ಕ್ಯಾಮೆರಾ ತಾನೇ ಕತ್ತು ತಿರುಗಿಸಿ ಅವರನ್ನೇ ನೋಡುತ್ತದೆ. ಇವರಿಗೆ ಅದು ಬಹಳ ಖುಷಿ. ಕೋಣೆಯಲ್ಲಿ ಆಚೆ ಈಚೆ ನಡೆದು, ಅದು ಹಿಂದೆ ಹಿಂದೆ ತಿರುಗುವುದನ್ನು ನನಗೆ ತೋರಿಸಿದರು. ನನಗೆ ಕಣ್ಣಿರುವ ಯಂತ್ರ ಮನೆಯಲ್ಲಿರುವುದೇ ಸರಿಬರುವುದಿಲ್ಲ. ಹಾಗಾಗಿ ಮಾತು ಮುಗಿದ ಕೂಡಲೇ ನಮ್ಮ ಕಡೆಯದರ ಕಣ್ಣಿನ ಮುಚ್ಚಳ ಎಳೆದು, ಆಮೇಲೆ ಕಾಲ್ ಕಟ್ ಮಾಡುತ್ತಿದ್ದೆ. ಕಟ್ ಮಾಡುವ ಕೆಲಸ ಯಾವಾಗಲೂ ನನ್ನದೇ, ಇವರ ಕೈ ಎಂಜಲು.

ಪ್ರತಿದಿನ ಎಂಟು ಗಂಟೆಗೆ ಕಾಲ್. ಇವರು ಮೊದಲು ತಟ್ಟೆ ತೋರಿಸುತ್ತಿದ್ದರು. ಎಂಥ ತಟ್ಟೆ! ಸೌತೆಕಾಯಿಯ ಬಿಲ್ಲೆಗಳು ಒಂದರ ಮೇಲೊಂದು ಒರಗಿ ಸುತ್ತ ದಳಗಳ ಹಾಗೆ, ನಡುವೆ ಟೊಮೆಟೊ, ಅದರ ನಡುವೆ ಕ್ಯಾರೆಟ್ಟಿನಲ್ಲಿ ಕೊರೆದ ಹೂವು. ಮದುವೆಯಾದಾಗಿನಿಂದ ಒಂದು ಈರುಳ್ಳಿಯನ್ನು ಸರಿಯಾಗಿ ಹೆಚ್ಚದ ಮನುಷ್ಯ. ನನಗೆ ಕಣ್ಣು ತುಂಬಿ ಬಂತು. ಫೋಟೋ ತೆಗೆದು ನನ್ನ ಅಕ್ಕನಿಗೂ ಕಳಿಸಿದೆ, ನೋಡು, ಮನಸ್ಸು ಮಾಡಿದರೆ ಗಂಡಸರೂ ಸುಧಾರಿಸುತ್ತಾರೆ ಎಂದು. ಇವರು ಮಾತಾಡುತ್ತ ಎರಡು ಬಿಲ್ಲೆ ತಿನ್ನುತ್ತಿದ್ದರು. ಉಳಿದದ್ದು ನಿಧಾನಕ್ಕೆ ತಿನ್ನುತ್ತೇನೆ, ಆ್ಯಪಿನಲ್ಲಿ ಹಾಗೇ ಹೇಳಿದ್ದಾರಲ್ಲ ಎನ್ನುತ್ತಿದ್ದರು. ಒಂದೂವರೆ ತಿಂಗಳು ಹೀಗೆ ನಡೆಯಿತು. ನನ್ನ ರವಿಕೆಗಳೆಲ್ಲ ಸಡಿಲವಾದವು. ಇವರ ಅಂಗಿಯ ಗುಂಡಿ ಮಾತ್ರ ಎಲ್ಲಿ ಎಳೆಯುತ್ತಿತ್ತೋ ಅಲ್ಲೇ ಎಳೆಯುತ್ತಿತ್ತು. ಕೇಳಿದರೆ, ಗಂಡಸರಿಗೆ ತಡವಾಗಿ ಇಳಿಯುವುದಂತೆ.

ಆ ಬುಧವಾರ ಮಗಳು ಕಪಾಟಿನ ಮೇಲಿಂದ ಹಳೆಯ ಪ್ರೊಜೆಕ್ಟರನ್ನು ಇಳಿಸಿ ಧೂಳು ಒರೆಸಿದಳು. ಅದೂ ಇವರು ತಂದದ್ದೇ. ಒಂದು ಕ್ರಿಕೆಟ್ ಪಂದ್ಯ ತೋರಿಸಿದ ಮೇಲೆ ಅದಕ್ಕೆ ಪಿಂಚಣಿ ಕೊಟ್ಟಿದ್ದೆವು. ಏನು ಮಾಡುತ್ತಿದ್ದೀ ಎಂದರೆ, "ಅಪ್ಪ ಆನ್ ದ ಬಿಗ್ ಸ್ಕ್ರೀನ್" ಎಂದಳು. ಮೇಜಿನ ಮೇಲಿದ್ದ ಯಂತ್ರಕ್ಕೂ ಇದಕ್ಕೂ ಏನೋ ಸಂಬಂಧ ಕಲ್ಪಿಸಿದಳು. ಎಂಟು ಗಂಟೆಗೆ ನನ್ನ ಗಂಡ ಹಾಲ್‌ನ ಗೋಡೆಯ ಉದ್ದಕ್ಕೂ ಬಂದು ಕೂತರು. ಕ್ಯಾರೆಟ್ ಹೂವು ಕಲ್ಲಂಗಡಿಯಷ್ಟು ದೊಡ್ಡದಾಗಿ ಕಂಡಿತು. ಇವರು ಎರಡು ಬಿಲ್ಲೆ ತಿಂದರು, ಇವತ್ತು ಯಾಕೋ ಹೊಟ್ಟೆ ಬೇಗ ತುಂಬಿತು ಎಂದರು, ಬೇಗ ಮಲಗು ಎಂದು ನನಗೆ ಬುದ್ಧಿ ಹೇಳಿದರು. ನಾನು ಅಭ್ಯಾಸದ ಹಾಗೆ ಕಣ್ಣಿನ ಮುಚ್ಚಳ ಎಳೆದೆ. ಕಟ್ ಮಾಡಬೇಕು ಎನ್ನುವಷ್ಟರಲ್ಲಿ ಒಲೆಯ ಮೇಲಿದ್ದ ಹಾಲು ಉಕ್ಕಿತು. ಓಡಿದೆ.

ನಮ್ಮ ಮುಚ್ಚಳ ಬಿದ್ದದ್ದರಿಂದ ಅವರ ಪರದೆ ಕಪ್ಪಾಗಿ, ನಮ್ಮ ದನಿಯೂ ನಿಂತಿತ್ತು. ಕಾಲ್ ಕಟ್ಟಾಯಿತು ಎಂದೇ ಅವರು ತಿಳಿದುಕೊಂಡರು. ನಮ್ಮ ಗೋಡೆಯ ಮೇಲೆ ಮಾತ್ರ ಸಿನಿಮಾ ಮುಂದುವರಿದಿತ್ತು.

ಮಗಳು ಕರೆದಳೆಂದು ಒಲೆ ಒರೆಸುವ ಬಟ್ಟೆ ಹಿಡಿದುಕೊಂಡೇ ಬಂದೆ. ಗೋಡೆಯ ಮೇಲೆ ಸುರತ್ಕಲ್ ಕಡೆಯ ರೂಮ್‌ಮೇಟ್ ಬಂದಿದ್ದರು. ಇವರ ಕಂಪನಿಯಲ್ಲೇ ಇಲೆಕ್ಟ್ರಿಶಿಯನ್, ಅವರಿಗೂ ಊರಲ್ಲಿರುವ ಹೆಂಡತಿ ಬಿಪಿಗೆಂದು ಡಯಟ್ ಹಾಕಿದ್ದರು. ಅವರು ನನ್ನ ಗಂಡನ ಎದುರಿನಿಂದ ಆ ತಟ್ಟೆಯನ್ನು ಎರಡು ಕೈಯಲ್ಲಿ ಜೋಪಾನವಾಗಿ ಎತ್ತಿಕೊಂಡರು. ಕ್ಯಾಮೆರಾ ಕತ್ತು ತಿರುಗಿಸಿ ಅವರ ಹಿಂದೆಯೇ ಹೋಯಿತು. ಮೇಜಿನ ಇನ್ನೊಂದು ತುದಿಯಲ್ಲಿ ಅವರು ಕೂತರು. ಖಾಲಿಯಾದ ಎರಡು ಜಾಗವನ್ನು ಮುಚ್ಚಲು ಉಳಿದ ಬಿಲ್ಲೆಗಳನ್ನು ಬೆರಳಿನಿಂದ ಸರಿಸಿದರು, ಫೋನನ್ನು ನೀರಿನ ಜಗ್ಗಿಗೆ ಒರಗಿಸಿದರು, ಹೆಂಡತಿಗೆ ಕಾಲ್ ಮಾಡಿದರು. ನೋಡು, ಇವತ್ತು ಇಷ್ಟೇ ನನ್ನ ಊಟ ಎಂದರು. ಅವರೂ ಎರಡು ಬಿಲ್ಲೆ ತಿಂದರು. ಹೆಂಡತಿ ಆ ಕಡೆ ಏನು ಹೊಗಳಿದರೋ, ಸುರತ್ಕಲ್‌ನವರು ನಾಚಿಕೊಂಡರು.

ಫೋನ್ ಇಟ್ಟ ಮೇಲೆ ತಟ್ಟೆ ಮೂರನೆಯವರ ಹತ್ತಿರ ಹೋಯಿತು. ಅವರನ್ನು ಎಲ್ಲರೂ ಕಾಕ ಎನ್ನುತ್ತಾರೆ. ವಯಸ್ಸಾದ ಬ್ಯಾರಿ, ಅಲ್ ಮೀನಾದ ಕಾರ್ಪೆಟ್ ಅಂಗಡಿಯಲ್ಲಿ ಕೆಲಸ. ದಿನವಿಡೀ ರತ್ನಗಂಬಳಿ ಬಿಡಿಸಿ, ಹೂವಿಗೆ ಹೂವು ಸರಿಯಾಗಿ ಕೂತಿದೆಯೇ ಎಂದು ನೋಡುವ ಕೈ. ಅವರು ಫೋನು ತೆಗೆಯಲಿಲ್ಲ, ಯಾರಿಗೂ ತೋರಿಸಲಿಲ್ಲ. ದೇವರ ಹೆಸರಲ್ಲಿ ಬಿಸ್ಮಿ ಹೇಳಿ, ಸೊಪ್ಪು ಸಮೇತ ತಟ್ಟೆ ಖಾಲಿ ಮಾಡಲು ಶುರುಮಾಡಿದರು. ಕ್ಯಾರೆಟ್ ಹೂವನ್ನು ಮಾತ್ರ ತೊಳೆದು, ಒಂದು ಬಟ್ಟಲು ನೀರಿನಲ್ಲಿ ಇಟ್ಟು, ಫ್ರಿಜ್ಜಿಗೆ ಸೇರಿಸಿದರು. ನಾಳೆಗೆ ಬೇಕಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಗಂಡ ಬಂದರು. ಕ್ಯಾಮೆರಾ ಹಳೆಯ ಪರಿಚಯದವರನ್ನು ಕಂಡ ಹಾಗೆ ಸರಕ್ಕನೆ ಅವರ ಕಡೆ ತಿರುಗಿತು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಕಟ್ಟು, ಇನ್ನೊಂದು ಕೈಯಲ್ಲಿ ಕೋಳಿ ಸುಕ್ಕದ ಡಬ್ಬಿ. ಪೇಪರ್ ಬಿಚ್ಚಿದರು. ನಮ್ಮ ಗೋಡೆಯ ಮೇಲೆ ಸೋಫಾದಷ್ಟು ಅಗಲದ ಪರೋಟ ಮೂಡಿತು. ಅದನ್ನು ಎರಡು ಕೈಯಿಂದ ತಟ್ಟಿ ಪದರ ಬಿಡಿಸಿ, ಸುಕ್ಕದಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ಬಾಯಿಗೆ ಇಟ್ಟುಕೊಂಡರು. ಆ ಮುಖದಲ್ಲಿ ಇದ್ದ ಶಾಂತಿಯನ್ನು ನಾನು ಮದುವೆಯ ಫೋಟೋದಲ್ಲೂ ನೋಡಿಲ್ಲ. ಮಗಳು ಕುರ್ಚಿ ಎಳೆದುಕೊಂಡು ಕೂತಳು. ನನ್ನ ಎದುರು, ಮೇಜಿನ ಮೇಲೆ, ನಾನು ಅರ್ಧ ತಿಂದಿಟ್ಟ ಸೊಪ್ಪಿನ ಬಟ್ಟಲು ಇತ್ತು.

ನಾನು ಕಣ್ಣಿನ ಮುಚ್ಚಳ ತೆಗೆದೆ.

"ಇವ್ರೇ, ಅದು ಎಷ್ಟನೇ ಪರೋಟ?"

ಆ ಕೋಣೆಯಲ್ಲಿ ಮೂರು ಜನ ಕಲ್ಲಾದರು. ಸುರತ್ಕಲ್‌ನವರು ಗಾಬರಿಯಲ್ಲಿ ತಮ್ಮ ಫೋನನ್ನು ಕವುಚಿ ಹಾಕಿದರು, ಅದರಲ್ಲಿ ಯಾರೂ ಇರಲಿಲ್ಲ ಎಂಬುದೂ ಅವರಿಗೆ ನೆನಪಿರಲಿಲ್ಲ. ಕಾಕ ಮಾತ್ರ ಬಾಯಲ್ಲಿದ್ದುದನ್ನು ನುಂಗಿ, ಎರಡನೆಯದು ತಂಗಿ, ಸುಳ್ಳು ಹೇಳುವುದಿಲ್ಲ ಎಂದರು. ನನ್ನ ಗಂಡ ಪರೋಟವನ್ನು ಬೆನ್ನ ಹಿಂದೆ ಅಡಗಿಸಿದರು. ಕ್ಯಾಮೆರಾ ಪಾಪ, ಅದನ್ನೂ ನೋಡಲು ಕತ್ತು ಉದ್ದ ಮಾಡಿತು.

ಎರಡು ದಿನ ನಾನು ಫೋನ್ ಎತ್ತಲಿಲ್ಲ. ಒಂದೂವರೆ ತಿಂಗಳು ನನ್ನನ್ನು ಮಂಗ ಮಾಡಿದರಲ್ಲ, ಅದರ ಉರಿ ಒಂದು. ಮೆಡಿಕಲ್‌ಗೆ ಉಳಿದದ್ದೂ ಅಷ್ಟೇ ಎಂಬ ಹೆದರಿಕೆ ಇನ್ನೊಂದು. ಶುಕ್ರವಾರ ಸಂಜೆ ಇವರು ಅಲ್ ಮೀನಾದಿಂದ ಅಂಜಲ್ ಮೀನು ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ನಾನು ಚೀಲ ತೆಗೆದುಕೊಳ್ಳಲಿಲ್ಲ. ಸಮಾ ಬೈದೆ. ಸೊಪ್ಪಿನಿಂದ ಶುರುಮಾಡಿ, ನಡುಗುವ ಸ್ಪೀಕರು, ಕುಸ್ತಿಯ ಡಬ್ಬಿ, ಇವರ ಅಮ್ಮ ಬೆಳೆಸಿದ ರೀತಿ, ಎಲ್ಲವನ್ನೂ ಮುಟ್ಟಿ ಬಂದೆ. ಇವರು ಮೀನಿನ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತ ಕೇಳಿದರು. ಕೊನೆಗೆ ಇವರಿಗೂ ಸಿಟ್ಟು ಬಂತು.

"ಎಂಟು ಗಂಟೆ ಯಾವಾಗ ಆಗ್ತದೆ ಅಂತ ನಾನು ಕಾಯುದು ಸೊಪ್ಪು ತಿನ್ಲಿಕ್ಕಾ ಮಾರಾಯ್ತಿ? ನಿನ್ನ ಮುಖ ನೋಡ್ಲಿಕ್ಕೆ."

"ಮುಖ ನೋಡ್ಲಿಕ್ಕೆ ಪರದೆ ಸಾಕಾದ್ರೆ ನೀವು ಅಲ್ಲೇ ಇರಿ. ನನಗೆ ಸಾಕಾಗುದಿಲ್ಲ."

ಅದನ್ನು ಹೇಳಿ ನಾನು ಅತ್ತುಬಿಟ್ಟೆ. ಸಿಟ್ಟಿನ ಮಧ್ಯೆ ಅಳು ಬಂದರೆ ಬೈದದ್ದೆಲ್ಲ ದಂಡ, ಅದಕ್ಕೇ ಮತ್ತೂ ಅಳು ಬಂತು. ಕೋಣೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಫ್ರೆಂಡ್ಸಿಗೆಲ್ಲ ಅಪ್ಪ ಮನೆಗೆ ಬರುತ್ತಾರೆ ಎಂದು ಹೇಳಿಯಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಇವರು ಬೂಟು ಕೂಡ ಬಿಚ್ಚದೆ ಸೋಫಾದ ಅಂಚಿನಲ್ಲಿ ಕೂತರು. ಮೀನಿನ ಚೀಲದಿಂದ ನೀರು ಕಾರ್ಪೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ನಾನೇ ಎದ್ದು ತೆಗೆದುಕೊಂಡೆ.

ಮೀನು ತೊಳೆಯುವಾಗ ಇವರು ಅಡುಗೆಮನೆಯ ಬಾಗಿಲಿಗೆ ಒರಗಿ ಎಲ್ಲ ಹೇಳಿದರು. ಮೊದಲ ವಾರ ನಿಜವಾಗಿ ಸೊಪ್ಪೇ ತಿಂದರಂತೆ. ಬೆಳಿಗ್ಗೆ ಏಣಿ ಹತ್ತುವಾಗ ಮೊಣಕಾಲು ನಡುಗಿತಂತೆ. ನಿಲ್ಲಿಸುತ್ತೇನೆ ಎಂದರೆ ನಾನು ಬೇಜಾರು ಮಾಡಿಕೊಳ್ಳುತ್ತೇನೆ ಎಂದು ತಟ್ಟೆಯನ್ನು ಮಾತ್ರ ಉಳಿಸಿಕೊಂಡರಂತೆ. ತಟ್ಟೆ ಇದ್ದೇ ಇದೆಯಲ್ಲ ಎಂದು ಸುರತ್ಕಲ್‌ನವರೂ ಸೇರಿದರಂತೆ. ಇವರಿಬ್ಬರ ಕೈಯಲ್ಲಿ ಸೌತೆಕಾಯಿ ಚೂರು ಚೂರಾಗುವುದನ್ನು ನೋಡಲಾರದೆ ಹೂವಿನ ಕೆಲಸ ಕಾಕ ವಹಿಸಿಕೊಂಡರಂತೆ. ಕಾಕ ಯಾಕೆ ಯಾರಿಗೂ ಕಾಲ್ ಮಾಡಲಿಲ್ಲ ಎಂದು ಕೇಳಿದೆ. ಅವರ ಹೆಂಡತಿ ತೀರಿಹೋಗಿ ಎರಡು ವರ್ಷವಾಯಿತು ಎಂದರು. ಮಕ್ಕಳು ದಿನಕ್ಕೊಂದು ಮೆಸೇಜು ಹಾಕುತ್ತಾರೆ, ಒಳ್ಳೆಯವರೇ. ಅನ್ನ ಚೆಲ್ಲಬಾರದು ಎಂದು ಕಾಕ ದಿನಾ ಆ ತಟ್ಟೆ ಖಾಲಿ ಮಾಡುತ್ತಿದ್ದರು, ಅಷ್ಟೇ. ಮೂವರಲ್ಲಿ ಡಯಟ್ ಮಾಡಿದವರು ಅವರೊಬ್ಬರೇ, ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ.

ಅವತ್ತಿಗೆ ಆ ಸೇಬಿನ ಹೆಂಗಸು ಖಲಾಸ್. ಆ್ಯಪ್ ಅಳಿಸಿದೆ. ಕಂಪನಿಯ ಡಾಕ್ಟರಿಗೇ ಫೋನ್ ಮಾಡಿ, ಅನ್ನ ಮೀನು ತಿನ್ನುವ ಮನುಷ್ಯ, ಏನು ಮಾಡಲಿ ಎಂದು ನೇರ ಕೇಳಿದೆ. ಅನ್ನ ಮೀನೇ ಕೊಡಿ, ಅಳತೆ ಮಾಡಿ ಕೊಡಿ, ಪರೋಟ ನಿಲ್ಲಿಸಿ, ಊಟವಾದ ಮೇಲೆ ನಡೆಸಿ ಎಂದರು. ಇಷ್ಟು ಸಣ್ಣ ವಿಷಯ ಅಷ್ಟು ದೊಡ್ಡ ಆ್ಯಪಿನಲ್ಲಿ ಇರಲಿಲ್ಲ. ಕುಚ್ಚಲಕ್ಕಿ ಅನ್ನ ಒಂದು ಚಹಾದ ಲೋಟ. ಬಸಳೆಯೋ ಹುರುಳಿಯೋ ಒಂದು ಸಾರು, ತೆಂಗಿನಕಾಯಿ ಅರ್ಧಕ್ಕರ್ಧ ಕಡಿಮೆ. ನಮ್ಮ ಕಡೆಯವರಿಗೆ ಇದು ಕೈ ಕಡಿದಷ್ಟು ನೋವು. ಬಂಗುಡೆ ಕಾವಲಿಯ ಮೇಲೆ, ಎಣ್ಣೆ ಚಮಚದಲ್ಲಿ. ಸೌತೆಕಾಯಿಯನ್ನು ಬಿಡಲಿಲ್ಲ, ಅದರದ್ದೇನು ತಪ್ಪು. ಭಾನುವಾರ ಮಧ್ಯಾಹ್ನ ಇಡೀ ಅಡುಗೆಮನೆ ಹಬ್ಬದ ಮನೆ. ವಾರಕ್ಕಾಗುವಷ್ಟು ಮಾಡಿ ಡಬ್ಬಿಗಳಿಗೆ ತುಂಬಿ, ಫ್ರೀಜರಿನಲ್ಲಿ ಕಲ್ಲು ಮಾಡಿ, ಸೋಮವಾರ ಇವರ ಕಾರಿಗೆ ಹೇರುತ್ತಿದ್ದೆ. ಮೊದಲ ವಾರ ಬುಧವಾರಕ್ಕೇ ಮುಗಿಯಿತು, ಮೂವರೂ ತಿಂದಿದ್ದರು. ಎರಡನೇ ವಾರದಿಂದ ಮೂವರಿಗೂ ಮಾಡಿದೆ. ಬೈದುಕೊಂಡೇ ಮಾಡಿದೆ.

ಎಂಟು ಗಂಟೆಯ ಕಾಲ್ ನಿಲ್ಲಿಸಲಿಲ್ಲ, ಆದರೆ ಕಾನೂನು ಬದಲಾಯಿತು. ಒಮ್ಮೆ ಮೋಸಹೋದವಳು ನಾನು. ತಟ್ಟೆ ತೋರಿಸಿದರೆ ಸಾಲದು, ಸೌತೆಕಾಯಿ ಎತ್ತಿ ತೋರಿಸಿ ಎನ್ನುತ್ತಿದ್ದೆ. ಇವರು ಪೊಲೀಸ್ ಸ್ಟೇಷನ್ನಿನಲ್ಲಿ ನಿಂತವರ ಹಾಗೆ ಒಂದೊಂದೇ ಬಿಲ್ಲೆ ಎತ್ತುತ್ತಿದ್ದರು. ಒಂದು ದಿನ ಸುರತ್ಕಲ್‌ನವರ ತಟ್ಟೆಯಲ್ಲಿ ಬಿಲ್ಲೆಯ ಕೆಳಗೆ ಪರೋಟದ ತುಂಡು ಸಿಕ್ಕಿತು. ನಿಮ್ಮ ಹೆಂಡತಿಯ ನಂಬರು ನನ್ನ ಹತ್ತಿರ ಉಂಟು ಎಂದಷ್ಟೇ ಹೇಳಿದೆ, ಆಮೇಲೆ ಸಿಗಲಿಲ್ಲ. ಕಾಕನನ್ನು ನಾನು ಕೇಳುತ್ತಿರಲಿಲ್ಲ, ಕೇಳುವ ಹಕ್ಕೂ ನನಗಿರಲಿಲ್ಲ. ಆದರೂ ಕೊನೆಯಲ್ಲಿ ಅವರೇ ಬಂದು ಕ್ಯಾಮೆರಾದ ಎದುರು ತಟ್ಟೆ ಹಿಡಿಯಲು ಶುರುಮಾಡಿದರು, ನನ್ನದೂ ನೋಡಿಬಿಡು ತಂಗಿ ಎಂದು. ಅವರ ತಟ್ಟೆಯಲ್ಲಿ ಯಾವತ್ತೂ ತಪ್ಪಿಲ್ಲ. ಚೆನ್ನಾಗಿದೆ ಕಾಕ ಎಂದು ಹೇಳಿ ಬಿಡುತ್ತಿದ್ದೆ. ಅವರು ಒಂದು ಕ್ಷಣ ನಿಂತು, ಆಯಿತು ಎಂದು ಹೋಗುತ್ತಿದ್ದರು.

ಮೆಡಿಕಲ್ ದಿನ ನಾನು ಆಫೀಸಿನಲ್ಲಿ ಒಂದು ಇನ್ವಾಯ್ಸನ್ನು ಇಬ್ಬರು ಗಿರಾಕಿಗಳಿಗೆ ಕಳಿಸಿದೆ. ಮಧ್ಯಾಹ್ನ ಇವರ ಫೋನ್ ಬಂತು. ಸಕ್ಕರೆ ಗಡಿಯ ಮೇಲೇ ನಿಂತಿದೆ, ಆದರೆ ಇಳಿಯುತ್ತಿದೆ, ಹೀಗೇ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದರಂತೆ. ಫಿಟ್ ಬರೆದರಾ ಎಂದು ಕೇಳಿದೆ. ಬರೆದರು ಎಂದರು. ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದು, ಇಬ್ಬರು ಗಿರಾಕಿಗಳಿಗೂ ಕ್ಷಮೆ ಕೇಳಿ ಮೇಲ್ ಹಾಕಿದೆ.

ಮುಂದಿನ ತಿಂಗಳು ಇವರು ಬಂದರು. ಎರಡು ಸೂಟ್‌ಕೇಸು, ಒಂದು ರೈಸ್ ಕುಕ್ಕರ್, ವೈರುಗಳ ಒಂದು ದೊಡ್ಡ ಚೀಲ. ಕಾಕ ಹೊರಡುವಾಗ ಒಂದು ಸಣ್ಣ ಕಾರ್ಪೆಟ್ ಕೊಟ್ಟು ಕಳಿಸಿದ್ದರು. ಹಾಲ್‌ನ ಕಾರ್ಪೆಟ್ಟಿನಲ್ಲಿ ಅಂಜಲ್ ಮೀನಿನ ಕಲೆ ಉಳಿದಿತ್ತು, ಅದರ ಮೇಲೆ ಹಾಸಿದೆ. ಸರಿಯಾಗಿ ಮುಚ್ಚಿತು. ಅಬುಧಾಬಿಯ ಯಂತ್ರವನ್ನು ಇವರು ಅಲ್ಲೇ ಬಿಟ್ಟು ಬಂದಿದ್ದರು, ಕಾಕನಿಗೆ ಹಾಡು ಕೇಳಲಿಕ್ಕಾಯಿತು ಎಂದು. ನಮ್ಮದನ್ನು ನಾನು ಕಪಾಟಿನ ಮೇಲೆ ಕುಸ್ತಿಯ ಡಬ್ಬಿಯ ಪಕ್ಕ ಮಲಗಿಸಬೇಕು ಎಂದಿದ್ದೆ. ಪುರುಸೊತ್ತಾಗಿರಲಿಲ್ಲ.

ಸೋಮವಾರ ಸಂಜೆ. ವಾರದ ನಡುವೆ ನಮ್ಮ ಮೇಜಿನಲ್ಲಿ ಮೂರು ತಟ್ಟೆ ಇಟ್ಟು ಎಷ್ಟು ವರ್ಷವಾಗಿತ್ತೋ. ಮಗಳು ಶಾಲೆಯ ಏನೋ ಜಗಳ ಹೇಳುತ್ತಿದ್ದಳು, ಇವರು ಎಲ್ಲ ಗೊತ್ತಿದ್ದವರ ಹಾಗೆ ತಲೆಯಾಡಿಸುತ್ತಿದ್ದರು,  ನಾನು ಅನ್ನಕ್ಕೆ ಲೋಟ ಹುಡುಕುತ್ತಿದ್ದೆ. ಎಂಟು ಗಂಟೆಗೆ ಯಂತ್ರ ಹೊಡೆದುಕೊಂಡಿತು.

ಅಪ್ಪ ಇಲ್ಲೇ ಇದ್ದಾರಲ್ಲ ಎಂದು ಮಗಳು ಯಂತ್ರವನ್ನು ನೋಡಿದಳು, ನಮ್ಮನ್ನು ನೋಡಿದಳು. ನಾನೇ ಎತ್ತಿದೆ. ಕಾಕ ಕೂತಿದ್ದರು, ಒಬ್ಬರೇ. ಸುರತ್ಕಲ್‌ನವರು ರಜೆಗೆ ಊರಿಗೆ ಹೋಗಿದ್ದರು. ಹಿಂದೆ ಎರಡು ಖಾಲಿ ಕುರ್ಚಿ.

"ಎಂತ ಇಲ್ಲ ತಂಗಿ. ಎಂಟು ಗಂಟೆ ಆಯ್ತಲ್ಲ, ಹಾಗೆ."

ತಟ್ಟೆಯನ್ನು ಎತ್ತಿ ತೋರಿಸಿದರು. ಅದೇ ಸೌತೆಕಾಯಿಯ ದಳಗಳು, ನಡುವೆ ಟೊಮೆಟೊ, ನಡುವೆ ಕ್ಯಾರೆಟ್ಟಿನ ಹೂವು, ಹೊಸದು. ಒಂದು ಕಡೆ ಮಾತ್ರ ಬಿಲ್ಲೆಯ ಕೆಳಗಿನಿಂದ ಕರಿದ ಮೀನಿನ ಬಾಲ ಇಷ್ಟುದ್ದ ಹೊರಗೆ ಚಾಚಿತ್ತು. ಎಳೆಗೆ ಎಳೆ ಹೊಂದಿಸಿ ನೋಡುವ ಮನುಷ್ಯ, ಬೇಡವಾದದ್ದನ್ನು ಅಡಗಿಸಲು ಬಾರದವರಲ್ಲ.

ಇವರು ನನ್ನ ಕಿವಿಯ ಹತ್ತಿರ ಬಗ್ಗಿ, ಅವರಿಗೆ ಸಕ್ಕರೆಯೂ ಇಲ್ಲ, ಬಿಪಿಯೂ ಇಲ್ಲ, ಸುಮ್ಮನೆ ಬಿಡು ಎಂದರು. ಗೊತ್ತು ಎಂದೆ. ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಕುರ್ಚಿ ಎಳೆದು, ಪರದೆಯ ಎದುರು ಸರಿಯಾಗಿ ಕೂತೆ.

"ಸೌತೆಕಾಯಿ ಎತ್ತಿ ತೋರಿಸಿ ಕಾಕ."

ಎತ್ತಿದರು. ಎಣ್ಣೆಯಲ್ಲಿ ಮುಳುಗಿಸಿ ಕರಿದ ಎರಡು ಬಂಗುಡೆ ಇತ್ತು. ನಾನು ಬೈಯಲು ಶುರುಮಾಡಿದೆ. ಈ ವಯಸ್ಸಿನಲ್ಲಿ ಇಷ್ಟು ಎಣ್ಣೆಯಾ, ಯಾರು ಹೇಳಿಕೊಟ್ಟರು, ನಾಳೆ ಎದೆ ಉರಿ ಬಂದರೆ ಯಾರನ್ನು ಕರೆಯುತ್ತೀರಿ, ಎಂದು ಬಾಯಿಗೆ ಬಂದದ್ದೆಲ್ಲ ಬೈದೆ. ನನ್ನ ಅನ್ನ ಆರಿಹೋಯಿತು. ಕಾಕ ಬಿಲ್ಲೆಯನ್ನು ಬೆರಳಲ್ಲಿ ಹಿಡಿದುಕೊಂಡೇ, ತಲೆ ಬಗ್ಗಿಸಿ, ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡರು.